ಮಹಮೂದ್ ಗವಾನ್ ಮದರಸಾ

ಮಹಮೂದ್ ಗವಾನ್ ಮದರಸಾ ಕರ್ನಾಟಕದ ಬೀದರ್ ನಗರದಲ್ಲಿರುವ, ಹದಿನೈದನೆಯ ಶತಮಾನದ ಒಂದು ವಿದ್ಯಾಸಂಸ್ಥೆಯ ಕಟ್ಟಡ. ಬಹಮನಿ ಸುಲ್ತಾನ ಮೂರನೆಯ ಮುಹಮ್ಮದ್ ಷಾನ ಪ್ರಧಾನಮಂತ್ರಿಯಾಗಿದ್ದ ಖ್ವಾಜಾ ಮಹಮೂದ್ ಗವಾನ್ ಇದನ್ನು ಹಿಜರಿ 876ರಲ್ಲಿ, ಅಂದರೆ ಕ್ರಿ.ಶ. 1471–72ರಲ್ಲಿ, ಕಟ್ಟಿಸಿದನು. ಹಳೆಯ ಊರಿನ ನಡುವಿನ ಚೌಬಾರಾದಿಂದ ಕೋಟೆಯತ್ತ ಸಾಗುವ ದಾರಿಯಲ್ಲಿ ಇದು ಸಿಗುತ್ತದೆ. ಮುಂಭಾಗದ ಎರಡು ಮಿನಾರುಗಳ ಪೈಕಿ ಒಂದು ಮಾತ್ರ ಉಳಿದಿದೆ. ಇನ್ನೊಂದು ಮಿನಾರು ಮತ್ತು ಮುಂಭಾಗದ ಬಹುಪಾಲು 1696ರಲ್ಲಿ ಸಂಭವಿಸಿದ ಮದ್ದುಗುಂಡಿನ ಸ್ಫೋಟದಲ್ಲಿ ನಾಶವಾದವು. ಕಟ್ಟಿಸಿದ ಮಂತ್ರಿಯು ಕಟ್ಟಡ ಮುಗಿದ ಹತ್ತು ವರ್ಷಗಳೊಳಗೆ, ಸುಳ್ಳು ಪತ್ರವೊಂದರ ಆಧಾರದ ಮೇಲೆ, ತನ್ನ ಸುಲ್ತಾನನ ಆಜ್ಞೆಯಿಂದಲೇ ಹತನಾದನು. ಇರಾನ್ ಮತ್ತು ಮಧ್ಯ ಏಷ್ಯಾದ ಮದರಸಾಗಳ ಮಾದರಿಯನ್ನು ದಖ್ಖನಿನ ನೆಲದಲ್ಲಿ ಇಷ್ಟು ನಿಷ್ಠೆಯಿಂದ ಅನುಸರಿಸಿದ ಇನ್ನೊಂದು ಕಟ್ಟಡ ಕರ್ನಾಟಕದಲ್ಲಿಲ್ಲ.

ಹಿನ್ನೆಲೆ

ಬಹಮನಿ ರಾಜ್ಯವು 1347ರಲ್ಲಿ ಸ್ಥಾಪನೆಗೊಂಡಿತು. ಮೊದಲು ಕಲಬುರಗಿಯಲ್ಲಿದ್ದ ರಾಜಧಾನಿಯನ್ನು ಅಹ್ಮದ್ ಷಾ ವಲಿ (ಆಳ್ವಿಕೆ 1422–1436) ಬೀದರಿಗೆ ಬದಲಾಯಿಸಿದನು. ಸೂಫಿ ಸಂತರಲ್ಲಿ ಅಪಾರ ಶ್ರದ್ಧೆಯಿದ್ದ ಈ ಸುಲ್ತಾನನು ಇರಾನಿನ ಕಿರ್ಮಾನ್ ಪ್ರಾಂತ್ಯದಲ್ಲಿದ್ದ ಷಾ ನಿಯಾಮತುಲ್ಲಾ ವಲಿಯವರನ್ನು ತನ್ನ ರಾಜ್ಯಕ್ಕೆ ಆಹ್ವಾನಿಸಿದನು. ಅವರು ತಾವು ಬಾರದೆ ಮೊಮ್ಮಗನನ್ನು ಕಳುಹಿಸಿದರು; ಅವರ ನಿಧನಾನಂತರ ಮಗ ಖಲೀಲುಲ್ಲಾ ಬೀದರಿಗೆ ಬಂದು ನೆಲೆಸಿದರು. ಅಷ್ಟೂರಿನ ದಾರಿಯಲ್ಲಿರುವ ಚೌಖಂಡಿಯು ಖಲೀಲುಲ್ಲಾ ಅವರ ಸಮಾಧಿಯೇ ಆಗಿದೆ. ಹೀಗೆ ತೆರೆದ ಹಾದಿಯಲ್ಲಿ ಇರಾನ್, ಇರಾಕ್ ಮತ್ತು ಮಧ್ಯ ಏಷ್ಯಾದಿಂದ ಸೈನಿಕರು, ವ್ಯಾಪಾರಿಗಳು, ಲಿಪಿಕಾರರು ಮತ್ತು ವಿದ್ವಾಂಸರು ದಾಭೋಳ, ಚೌಲ್ ಮೊದಲಾದ ಕೊಂಕಣದ ಬಂದರುಗಳ ಮೂಲಕ ಬೀದರನ್ನು ತಲುಪತೊಡಗಿದರು.

ಇವರನ್ನು ‘ಆಫಾಕಿ’ಗಳು, ಅಂದರೆ ಪರಸ್ಥಳದವರು, ಎಂದು ಕರೆಯುತ್ತಿದ್ದರು. ಇವರಿಗೆ ಎದುರಾಗಿದ್ದವರು ‘ದಖನಿ’ಗಳು. 1327ರ ಸುಮಾರಿಗೆ ದೆಹಲಿಯಿಂದ ದೌಲತಾಬಾದಿಗೆ ಬಂದ ಕುಟುಂಬಗಳ ಸಂತತಿ, ಸ್ಥಳೀಯವಾಗಿ ಇಸ್ಲಾಮನ್ನು ಸ್ವೀಕರಿಸಿದವರು ಮತ್ತು ಅವರೊಡನೆ ನಿಂತ ಹಬ್ಷಿಗಳು ಈ ಬಣದಲ್ಲಿದ್ದರು. ಎರಡೂ ಕಡೆಯವರು ಮುಸ್ಲಿಮರೇ. ಜಗಳವಿದ್ದುದು ಪದವಿ, ಜಾಗೀರು ಮತ್ತು ಆಸ್ಥಾನದಲ್ಲಿನ ಮಾನಮರ್ಯಾದೆಗಳಿಗಾಗಿ. ಆಫಾಕಿಗಳಲ್ಲಿ ಷಿಯಾಗಳೂ ದಖನಿಗಳಲ್ಲಿ ಸುನ್ನಿಗಳೂ ಹೆಚ್ಚಾಗಿದ್ದುದರಿಂದ ಈ ವೈಮನಸ್ಯಕ್ಕೆ ಪಂಥಭೇದದ ಬಣ್ಣವೂ ಬಂದಿತು. ಗವಾನ್ ಭಾರತಕ್ಕೆ ಬರುವುದಕ್ಕೆ ಕೆಲವೇ ವರ್ಷಗಳ ಮೊದಲು ಪುಣೆಯ ಸಮೀಪದ ಚಾಕಣ್ ಕೋಟೆಯಲ್ಲಿ ಆಫಾಕಿಗಳ ಸಾಮೂಹಿಕ ಕೊಲೆ ನಡೆದಿತ್ತು. ಮದರಸಾದ ಹುಟ್ಟನ್ನೂ ಅದರ ಸ್ಥಾಪಕನ ಸಾವನ್ನೂ ಅರಿಯಬೇಕಾದರೆ ಈ ಒಡಕನ್ನು ಗಮನದಲ್ಲಿಡಬೇಕಾಗುತ್ತದೆ.

ಸ್ಥಾಪಕ

ಮಹಮೂದ್ ಗವಾನ್ 1411ರಲ್ಲಿ ಕ್ಯಾಸ್ಪಿಯನ್ ಸಮುದ್ರತೀರದ ಗೀಲಾನ್ ಪ್ರಾಂತ್ಯದಲ್ಲಿ ಜನಿಸಿದನು. ಅವನ ಮನೆತನದವರು ಅಲ್ಲಿನ ಅರಸರ ಮಂತ್ರಿಗಳಾಗಿದ್ದರು. ಆಸ್ಥಾನದ ಒಳಜಗಳಗಳಿಂದ ಬೇಸತ್ತು ಊರು ಬಿಟ್ಟ ಅವನು ವ್ಯಾಪಾರಿಯಾಗಿ ದೇಶ ಸುತ್ತಿ, 1453ರ ಸುಮಾರಿಗೆ ದಾಭೋಳದಲ್ಲಿ ಹಡಗಿನಿಂದಿಳಿದು ಬೀದರಿಗೆ ಬಂದನು. ನಿಯಾಮತುಲ್ಲಾ ವಲಿಯವರ ಮನೆತನದ ಷಾ ಮುಹಿಬ್ಬುಲ್ಲಾ ಅವರ ದರ್ಶನವೂ ಈ ಪ್ರಯಾಣದ ಒಂದು ಉದ್ದೇಶವಾಗಿತ್ತು. ಆಗ ಅವನ ವಯಸ್ಸು ನಲವತ್ತು ದಾಟಿತ್ತು. ಸುಲ್ತಾನ ಅಲಾವುದ್ದೀನ್ ಅಹ್ಮದನು ಅವನನ್ನು ಆಸ್ಥಾನದಲ್ಲಿ ಉಳಿಸಿಕೊಂಡನು. ವರ್ತಕರ ಒಡೆಯ ಎಂಬರ್ಥದ ‘ಮಲಿಕ್-ಉತ್-ತುಜ್ಜಾರ್’ ಎಂಬ ಬಿರುದು ಅವನಿಗೆ ದೊರೆಯಿತು.

1461ರಲ್ಲಿ ಬಾಲಕ ನಿಜಾಮ್ ಷಾ ಪಟ್ಟಕ್ಕೆ ಬಂದಾಗ ರಾಜಮಾತೆ, ಖ್ವಾಜಾ ಜಹಾನ್ ತುರ್ಕ್ ಮತ್ತು ಗವಾನ್ ಈ ಮೂವರು ಸೇರಿ ರಾಜ್ಯಭಾರ ನಡೆಸಿದರು. ಮಾಳವದ ಮಹಮೂದ್ ಖಿಲ್ಜಿಯು ಬೀದರನ್ನೇ ಮುತ್ತಿದಾಗ ಗುಜರಾತಿನ ಸುಲ್ತಾನನ ನೆರವು ಪಡೆದು ರಾಜಧಾನಿಯನ್ನು ಉಳಿಸಿದವನು ಗವಾನ್. 1463ರಲ್ಲಿ ನಿಜಾಮ್ ಷಾನ ತಮ್ಮ ಮೂರನೆಯ ಮುಹಮ್ಮದ್ ಷಾ ಪಟ್ಟವೇರಿದನು. ಮೂರು ವರ್ಷಗಳ ತರುವಾಯ ಖ್ವಾಜಾ ಜಹಾನ್ ತುರ್ಕ್‌ನ ಕೊಲೆಯಾಗಿ, ಆಡಳಿತದ ಸೂತ್ರಗಳು ಗವಾನನ ಕೈಸೇರಿದವು. 1469ರಿಂದ ಕೊಂಕಣದ ದುರ್ಗಗಳ ಮೇಲೆ ದಂಡೆತ್ತಿ ಹೋದ ಅವನು 1472ರಲ್ಲಿ ವಿಜಯನಗರದ ವಶದಲ್ಲಿದ್ದ ಗೋವೆಯನ್ನು ಗೆದ್ದನು. ಅರಬ್ ಕುದುರೆಗಳು ಬಂದಿಳಿಯುತ್ತಿದ್ದ ಬಂದರು ಕೈಸೇರಿದ್ದು ಬಹಮನಿಗಳಿಗೆ ಬಹುದೊಡ್ಡ ಲಾಭವಾಯಿತು. ಬೆಳಗಾವಿಯ ಕೋಟೆಯೂ ಇದರ ಬೆನ್ನಲ್ಲೇ ವಶವಾಯಿತು. ಮದರಸಾದ ಕೆಲಸ ನಡೆಯುತ್ತಿದ್ದುದು ಈ ಯುದ್ಧಗಳ ಕಾಲದಲ್ಲಿಯೇ. ಅದನ್ನು ಕಟ್ಟಿಸುತ್ತಿದ್ದವನು ಹೆಚ್ಚಿನ ಕಾಲ ಊರಿನಿಂದ ದೂರ, ದಂಡಿನ ಬಿಡಾರದಲ್ಲಿದ್ದನು.

ಅವನ ಖಾಸಗಿ ಜೀವನ ಅತ್ಯಂತ ಸರಳವಾಗಿತ್ತೆಂದು ಬಿಜಾಪುರದ ಆಸ್ಥಾನದಲ್ಲಿದ್ದ ಇತಿಹಾಸಕಾರ ಫರಿಷ್ತಾ ಬರೆದಿದ್ದಾನೆ. ಸರ್ಕಾರಿ ಆದಾಯವನ್ನು ಸೈನ್ಯಕ್ಕೂ ದಾನಧರ್ಮಕ್ಕೂ ವಿನಿಯೋಗಿಸಿ, ತನ್ನ ಊಟಕ್ಕೆ ಮೂಲ ವ್ಯಾಪಾರದ ಬಂಡವಾಳದಿಂದ ಬಂದ ಲಾಭವನ್ನಷ್ಟೇ ಬಳಸುತ್ತಿದ್ದನೆಂದೂ, ಚಾಪೆಯ ಮೇಲೆ ಮಲಗುತ್ತಿದ್ದನೆಂದೂ ಅವನ ಹೇಳಿಕೆ. ಫರಿಷ್ತಾ ಬರೆದದ್ದು ಗವಾನ್ ಸತ್ತು ನೂರು ವರ್ಷಗಳಿಗೂ ಹೆಚ್ಚು ಕಾಲ ಕಳೆದ ಮೇಲೆ ಎಂಬುದನ್ನು ಮರೆಯುವಂತಿಲ್ಲ. ಸಮಕಾಲೀನನಾದ ರಷ್ಯದ ಪ್ರವಾಸಿ ಅಫನಾಸಿ ನಿಕಿತಿನ್ ಕಂಡದ್ದು ಬೇರೆಯೇ ಚಿತ್ರ. 1470ರ ಸುಮಾರಿಗೆ ಬೀದರಿನಲ್ಲಿದ್ದ ಅವನು ‘ಮೆಲಿಕ್-ತುಚಾರ್’ನ ಭಾರಿ ಸೈನ್ಯವನ್ನೂ ಐಶ್ವರ್ಯವನ್ನೂ ವರ್ಣಿಸಿ, ಈ ನಾಡಿನಲ್ಲಿ ಅಮೀರರು ವೈಭವದಲ್ಲಿ ಮುಳುಗಿದ್ದರೆ ಹಳ್ಳಿಗಾಡಿನ ಜನ ಬಡತನದಲ್ಲಿದ್ದಾರೆಂದು ದಾಖಲಿಸಿದ್ದಾನೆ. ಮದರಸಾದಂಥ ಕಟ್ಟಡವೊಂದಕ್ಕೆ ಬೇಕಾದ ಹಣ ಬಂದದ್ದು ಈ ರೈತರು ತೆತ್ತ ಕಂದಾಯ, ಯುದ್ಧದ ಲೂಟಿ ಮತ್ತು ಕಡಲ ವ್ಯಾಪಾರಗಳ ಮೇಲೆ ನಿಂತಿದ್ದ ವ್ಯವಸ್ಥೆಯಿಂದಲೇ.

ಕಟ್ಟಡ

ಮದರಸಾ ಪೂರ್ವಾಭಿಮುಖವಾಗಿದ್ದು, ಸುಮಾರು 205 ಅಡಿ ಉದ್ದ ಮತ್ತು 180 ಅಡಿ ಅಗಲದ ಆಯತಾಕಾರದಲ್ಲಿದೆ. ನಡುವೆ ತೆರೆದ ಅಂಗಳ, ಅದರ ಸುತ್ತ ಮೂರು ಅಂತಸ್ತುಗಳ ಕೊಠಡಿಗಳು. ಅಂಗಳದ ನಾಲ್ಕೂ ಬದಿಗಳ ಮಧ್ಯಭಾಗದಲ್ಲಿ ಎತ್ತರವಾದ ಕಮಾನಿನ ಮಂಟಪವಿರುವ ಈ ವಿನ್ಯಾಸಕ್ಕೆ ನಾಲ್ಕು ಐವಾನ್‌ಗಳ ವಿನ್ಯಾಸವೆಂದು ಹೆಸರು. ಸಮರಖಂಡದಲ್ಲಿ ಉಲುಗ್ ಬೇಗ್ ಕಟ್ಟಿಸಿದ ಮದರಸಾ ಮತ್ತು ಖುರಾಸಾನಿನ ಖರ್ಗಿರ್ದ್‌ನಲ್ಲಿ 1444ರಲ್ಲಿ ಪೂರ್ಣಗೊಂಡ ಘಿಯಾಸಿಯಾ ಮದರಸಾ ಇದೇ ಬಗೆಯವು. ಖರ್ಗಿರ್ದ್‌ನ ಮದರಸಾವನ್ನು ಕಟ್ಟಿಸಿದವನೂ ಒಬ್ಬ ಮಂತ್ರಿಯೇ. ಬೀದರಿನ ಕಟ್ಟಡವನ್ನು ಅದರೊಡನೆ ಹೋಲಿಸಿ ನೋಡುವುದು ವಾಸ್ತುಶಿಲ್ಪದ ಇತಿಹಾಸಕಾರರಲ್ಲಿ ರೂಢಿಯಾಗಿದೆ.

ಪೂರ್ವದ ಮುಂಭಾಗದ ನಡುವೆ ಮಹಾದ್ವಾರವೂ ಎರಡು ತುದಿಗಳಲ್ಲಿ ಮಿನಾರುಗಳೂ ಇದ್ದವು. ಈ ಭಾಗದಲ್ಲಿಯೇ ಒಂದು ಕಡೆ ಮಸೀದಿ, ಇನ್ನೊಂದು ಕಡೆ ಗ್ರಂಥಾಲಯವಿದ್ದವು. ಉಳಿದ ಮೂರು ಬದಿಗಳ ಮಧ್ಯದಲ್ಲಿ ಗೋಡೆಯು ಅರೆ-ಅಷ್ಟಕೋನಾಕಾರದಲ್ಲಿ ಹೊರಚಾಚಿ, ಮೇಲೆ ಗುಮ್ಮಟವನ್ನು ಹೊತ್ತಿದೆ. ಇವು ಉಪನ್ಯಾಸದ ಸಭಾಂಗಣಗಳು. ಅಂತಸ್ತುಗಳ ತಡೆಯಿಲ್ಲದೆ ನೆಲದಿಂದ ಮೇಲ್ಛಾವಣಿಯವರೆಗೂ ಏರುತ್ತವೆ. ವಿದ್ಯಾರ್ಥಿಗಳ ವಾಸಕ್ಕೆ 36 ಕೊಠಡಿಗಳೂ ಅಧ್ಯಾಪಕರಿಗೆ ಆರು ವಿಶಾಲವಾದ ವಸತಿಗಳೂ ಇದ್ದವೆಂದು ಗುರುತಿಸಲಾಗಿದೆ. ಹೊರಗೋಡೆಯ ಕಮಾನುಕಿಟಕಿಗಳ ಮೂಲಕ ಈ ಕೋಣೆಗಳಿಗೆ ಗಾಳಿ, ಬೆಳಕು ಧಾರಾಳವಾಗಿ ಬರುತ್ತವೆ. ಮೂರು ಸಾಲುಗಳಲ್ಲಿ ಒಂದರ ಮೇಲೊಂದು ಬರುವ ಈ ಕಿಟಕಿಗಳೇ ಕಟ್ಟಡದ ಪಕ್ಕದ ಗೋಡೆಗಳಿಗಿರುವ ಮುಖ್ಯ ಅಲಂಕಾರವೆನ್ನಬಹುದು.

ಉಳಿದಿರುವ ಉತ್ತರದ ಮಿನಾರು ಮೂರು ಹಂತಗಳದಾಗಿದ್ದು ನೂರು ಅಡಿಗೂ ಹೆಚ್ಚು ಎತ್ತರವಾಗಿದೆ. ಇದರ ಮೊಗಸಾಲೆಗಳು ಭಾರತದ ರೂಢಿಯಂತೆ ಕಲ್ಲಿನ ಚಾಚುಪೀಠಗಳ ಮೇಲೆ ನಿಲ್ಲದೆ, ಮಿನಾರಿನ ಮೈಯಿಂದಲೇ ಬಾಗಿ ಹೊರಬಂದಂತೆ ರೂಪುಗೊಂಡಿವೆ. ಕಲ್ಲುಗಾರೆಯ ಗೋಡೆಯ ಮೇಲೆ ನೀಲಿ, ಬಿಳಿ, ಹಳದಿ ಮತ್ತು ಹಸಿರು ಬಣ್ಣಗಳ ಮೆರುಗುಬಿಲ್ಲೆಗಳನ್ನು ಹೊದಿಸಲಾಗಿತ್ತು. ಮಿನಾರಿನ ಮೈಮೇಲೆ ಅವು ಅಂಕುಡೊಂಕಾದ ಪಟ್ಟಿಗಳಾಗಿ ಹರಿದಿದ್ದರೆ, ಮುಂಭಾಗದ ಮೇಲಂಚಿನಲ್ಲಿ ಕುರಾನಿನ ವಾಕ್ಯಗಳ ದೊಡ್ಡ ಅಕ್ಷರಪಟ್ಟಿಯಾಗಿದ್ದವು. ಬೀದರಿಗೆ ಬಿಲ್ಲೆಗಳ ಕೆಲಸ ಹೊಸದಾಗಿರಲಿಲ್ಲ. ಕೋಟೆಯೊಳಗಿನ ತಖ್ತ್ ಮಹಲಿನಲ್ಲಿಯೂ ಸುಲ್ತಾನ ಅಲಾವುದ್ದೀನನ ಸಮಾಧಿಯಲ್ಲಿಯೂ ಅದಕ್ಕಿಂತ ಹಿಂದಿನ ಬಿಲ್ಲೆಗಳ ಕುರುಹುಗಳಿವೆ. ಒಂದಿಡೀ ಮುಂಭಾಗವನ್ನೇ ಬಣ್ಣದಿಂದ ಮುಚ್ಚಿದ್ದು ಮದರಸಾದ ವಿಶೇಷ. ಇಂದು ಕಾಣುವುದು ಅದರ ಚೂರುಗಳು ಮಾತ್ರ. ಮಳೆ ನಿಂತ ಮೇಲೆ, ತೊಯ್ದ ಬಿಲ್ಲೆಗಳ ಮೇಲೆ ಬೆಳಗಿನ ಬಿಸಿಲು ಬಿದ್ದಾಗ ಅವುಗಳ ಮೂಲ ಹೊಳಪನ್ನು ಊಹಿಸಿಕೊಳ್ಳಬಹುದು.

ಕಟ್ಟಡದ ಕಾಲವನ್ನು ಸೂಚಿಸುವ ಪದಬಂಧವೊಂದನ್ನು ಸಾಮಿ ಎಂಬ ಕವಿ ರಚಿಸಿದ್ದಾನೆ. ಅರಬ್ಬಿ ವರ್ಣಮಾಲೆಯ ಪ್ರತಿ ಅಕ್ಷರಕ್ಕೂ ಒಂದು ಸಂಖ್ಯಾಮೌಲ್ಯವನ್ನು ಕೊಟ್ಟು, ಅರ್ಥಪೂರ್ಣವಾದ ಮಾತಿನಲ್ಲಿ ವರ್ಷವನ್ನು ಅಡಗಿಸುವ ಈ ‘ಅಬ್ಜದ್’ ಪದ್ಧತಿಯು ನಮ್ಮ ಕಟಪಯಾದಿಯನ್ನು ನೆನಪಿಸುತ್ತದೆ. ಸಾಮಿ ಆರಿಸಿಕೊಂಡದ್ದು ಕುರಾನಿನ ಎರಡನೆಯ ಅಧ್ಯಾಯದಲ್ಲಿ ಬರುವ ಮೂರು ಪದಗಳ ಪ್ರಾರ್ಥನೆಯನ್ನು. ಕಾಬಾದ ಅಡಿಪಾಯವನ್ನು ಎತ್ತುತ್ತಿರುವ ಇಬ್ರಾಹೀಮ್ ಮತ್ತು ಇಸ್ಮಾಯೀಲರು ತಮ್ಮ ಕೆಲಸವನ್ನು ಸ್ವೀಕರಿಸಬೇಕೆಂದು ದೇವರನ್ನು ಬೇಡುವ ಸಂದರ್ಭ ಅದು. ಆ ಮೂರು ಪದಗಳ ಮೌಲ್ಯ ಕ್ರಮವಾಗಿ 253, 532 ಮತ್ತು 91; ಕೂಡಿದರೆ 876. ವಿದ್ಯಾಮಂದಿರವನ್ನು ಕಟ್ಟುವುದೂ ಒಂದು ಆರಾಧನೆಯೇ ಎಂಬ ಭಾವನೆಯನ್ನು ಕವಿ ಲೆಕ್ಕದೊಳಗೇ ಹೆಣೆದಿದ್ದಾನೆ.

ಅಧ್ಯಯನ ಮತ್ತು ಗ್ರಂಥಭಂಡಾರ

ಪ್ರವಾಸಿ ಕೈಪಿಡಿಗಳಲ್ಲಿ ಈ ಸಂಸ್ಥೆಯನ್ನು ‘ವಿಶ್ವವಿದ್ಯಾಲಯ’ವೆಂದು ಕರೆಯುವುದುಂಟು. ಇದು ಗೌರವದಿಂದ ಹುಟ್ಟಿದ ಮಾತಾದರೂ ನಿಖರವಲ್ಲ. ‘ಪಾಠ’ ಎಂಬರ್ಥದ ‘ದರ್ಸ್’ ಪದದಿಂದ ಬಂದ ‘ಮದರಸಾ’ ಎಂದರೆ ಪಾಠ ನಡೆಯುವ ಸ್ಥಳ. ಇಲ್ಲಿ ಪದವಿಯನ್ನು ಕೊಡುತ್ತಿದ್ದುದು ಸಂಸ್ಥೆಯಲ್ಲ, ಗುರು. ಶಿಷ್ಯನು ಒಂದು ಗ್ರಂಥವನ್ನು ಗುರುಮುಖದಿಂದ ಓದಿ ಮುಗಿಸಿದ ಮೇಲೆ, ಅದನ್ನು ಇತರರಿಗೆ ಬೋಧಿಸಲು ಗುರುವು ‘ಇಜಾಜಾ’ ಎಂಬ ಅನುಮತಿಪತ್ರವನ್ನು ಬರೆದುಕೊಡುತ್ತಿದ್ದನು. ಅದರಲ್ಲಿ ಗುರುವಿನ ಗುರು, ಅವನ ಗುರು ಎಂದು ಪರಂಪರೆಯ ಹೆಸರುಗಳನ್ನು ನಮೂದಿಸುವ ವಾಡಿಕೆಯಿತ್ತು. ಆದ್ದರಿಂದ ಮದರಸಾದ ಕೀರ್ತಿ ನಿಂತಿದ್ದುದು ಅಲ್ಲಿ ಯಾರು ಕುಳಿತು ಪಾಠ ಹೇಳುತ್ತಾರೆ ಎಂಬುದರ ಮೇಲೆ.

ಆ ಕಾಲದ ಮದರಸಾಗಳಲ್ಲಿ ವಿದ್ಯೆಗಳನ್ನು ಎರಡಾಗಿ ವಿಂಗಡಿಸುತ್ತಿದ್ದರು. ಕುರಾನಿನ ವ್ಯಾಖ್ಯಾನ, ಹದೀಸ್, ಫಿಕ್ಹ್ ಎಂಬ ಧರ್ಮನ್ಯಾಯಶಾಸ್ತ್ರ ಇವು ಪರಂಪರೆಯಿಂದ ಬಂದ ವಿದ್ಯೆಗಳಾದ ‘ಮನ್ಕೂಲಾತ್’. ತರ್ಕ, ತತ್ತ್ವಶಾಸ್ತ್ರ, ಗಣಿತ ಮತ್ತು ಖಗೋಳ ಇವು ಬುದ್ಧಿಯಿಂದ ಸಾಧಿಸಬೇಕಾದ ‘ಮಾಕೂಲಾತ್’. ಅರಬ್ಬಿ ವ್ಯಾಕರಣ ಎರಡಕ್ಕೂ ಬಾಗಿಲು. ಮಂತ್ರಿಯೊಬ್ಬನು ಇಂಥ ಸಂಸ್ಥೆಯನ್ನು ಸ್ಥಾಪಿಸುವ ಪರಿಪಾಠಕ್ಕೂ ದೀರ್ಘ ಇತಿಹಾಸವಿದೆ. 1067ರಲ್ಲಿ ಬಾಗ್ದಾದಿನಲ್ಲಿ ಆರಂಭವಾದ ನಿಜಾಮಿಯಾ ಮದರಸಾವನ್ನು ಕಟ್ಟಿಸಿದವನು ಸೆಲ್ಜುಕ್ ಮಂತ್ರಿ ನಿಜಾಮುಲ್ ಮುಲ್ಕ್. ತತ್ತ್ವಜ್ಞಾನಿ ಅಲ್-ಘಜಾಲಿ ಪಾಠ ಹೇಳಿದ್ದು ಅಲ್ಲಿಯೇ. ಆ ಮಂತ್ರಿಯೂ 1092ರಲ್ಲಿ ಹಂತಕನ ಕೈಯಲ್ಲಿ ಸತ್ತನು.

ಕನ್ನಡ ನಾಡಿಗೂ ಇಂಥದ್ದು ಅಪರಿಚಿತವಾಗಿರಲಿಲ್ಲ. ಈಗಿನ ವಿಜಯಪುರ ಜಿಲ್ಲೆಯ ಸಾಲೋಟಗಿಯಲ್ಲಿ ರಾಷ್ಟ್ರಕೂಟ ಮೂರನೆಯ ಕೃಷ್ಣನ ಮಂತ್ರಿ ನಾರಾಯಣನು ಕಟ್ಟಿಸಿದ ವಿದ್ಯಾಶಾಲೆಗೆ ಬೇರೆ ಬೇರೆ ಜನಪದಗಳಿಂದ ಬಂದ ವಿದ್ಯಾರ್ಥಿಗಳಿಗಾಗಿ 27 ಮನೆಗಳಿದ್ದುದನ್ನು 945ರ ಶಾಸನ ತಿಳಿಸುತ್ತದೆ. ಧರ್ಮ, ಭಾಷೆ, ಪಠ್ಯ ಎಲ್ಲವೂ ಬೇರೆಯಾದರೂ ದೂರದಿಂದ ಬಂದವನಿಗೆ ಊಟ, ವಸತಿ ಕೊಟ್ಟು ಓದಿಸುವ ಏರ್ಪಾಡು ಎರಡು ಕಡೆಯೂ ಒಂದೇ.

ಗವಾನ್ ತನ್ನ ಸ್ವಂತ ಸಂಗ್ರಹದ ಗ್ರಂಥಗಳನ್ನು ಮದರಸಾದ ವಿದ್ಯಾರ್ಥಿಗಳ ಬಳಕೆಗೆ ಬಿಟ್ಟುಕೊಟ್ಟಿದ್ದನು. ಅವುಗಳ ಸಂಖ್ಯೆ 3,000 ಎಂದು ಹೇಳಲಾಗುತ್ತದೆ. ಮುದ್ರಣವಿಲ್ಲದ ಕಾಲದಲ್ಲಿ, ಪ್ರತಿಯೊಂದು ಪ್ರತಿಯನ್ನೂ ಕೈಯಿಂದಲೇ ಬರೆಯಬೇಕಾಗಿದ್ದಾಗ, ಇದು ಸಣ್ಣ ಸಂಖ್ಯೆಯಲ್ಲ. ಆ ಭಂಡಾರ ಇಂದು ಉಳಿದಿಲ್ಲ.

ಪತ್ರವ್ಯವಹಾರ

ಒಳ್ಳೆಯ ಅಧ್ಯಾಪಕರನ್ನು ಬೀದರಿಗೆ ಕರೆತರುವ ಗವಾನನ ಪ್ರಯತ್ನ ಅವನ ಪತ್ರಗಳಲ್ಲಿ ಕಾಣುತ್ತದೆ. ಅವನ ಪಾರಸಿ ಪತ್ರಗಳ ಸಂಕಲನ ‘ರಿಯಾಜುಲ್ ಇನ್ಷಾ’ದಲ್ಲಿ ಆಟೊಮನ್ ಸುಲ್ತಾನ ಎರಡನೆಯ ಮೆಹ್ಮೆದನಿಗೆ ಬರೆದವೂ ಹೆರಾತಿನ ಮಹಾಕವಿ ಅಬ್ದುರ್ರಹಮಾನ್ ಜಾಮಿಗೆ ಬರೆದವೂ ಇವೆ. ಜಾಮಿಯನ್ನು ದಖ್ಖನಿಗೆ ಬರಬೇಕೆಂದು ಅವನು ಕೇಳಿಕೊಂಡನು. ಜಾಮಿ ಬರಲಿಲ್ಲ, ಆದರೆ ಸ್ನೇಹದ ಪತ್ರಗಳನ್ನು ಬರೆದನು. ಷೀರಾಜಿನ ತತ್ತ್ವಜ್ಞಾನಿ ಜಲಾಲುದ್ದೀನ್ ದವಾನಿಯು ಸುಹ್ರವರ್ದಿಯ ಕೃತಿಯೊಂದಕ್ಕೆ ಬರೆದ ವ್ಯಾಖ್ಯಾನವನ್ನು ಗವಾನನಿಗೆ ಅರ್ಪಿಸಿದನು. ಬೀದರ್ ಆ ಕಾಲದ ಪಾರಸಿ ವಿದ್ವತ್ಪ್ರಪಂಚದ ಭೂಪಟದಲ್ಲಿತ್ತು ಎನ್ನುವುದಕ್ಕೆ ಇದಕ್ಕಿಂತ ಬೇರೆ ಸಾಕ್ಷ್ಯ ಬೇಕಾಗಿಲ್ಲ.

ಪತ್ರಲೇಖನ ಆಗ ಒಂದು ಶಾಸ್ತ್ರವೇ ಆಗಿತ್ತು. ಯಾರನ್ನು ಯಾವ ಪದಗಳಿಂದ ಸಂಬೋಧಿಸಬೇಕು, ಪದ್ಯವನ್ನು ಎಲ್ಲಿ ಸೇರಿಸಬೇಕು, ಕೋರಿಕೆಯನ್ನು ಯಾವಾಗ ಮುಂದಿಡಬೇಕು ಎಂಬುದಕ್ಕೆಲ್ಲ ನಿಯಮಗಳಿದ್ದವು. ಈ ನಿಯಮಗಳನ್ನು ಕುರಿತು ಗವಾನ್ ಬರೆದ ‘ಮನಾಜಿರುಲ್ ಇನ್ಷಾ’ ದಖ್ಖನನ್ನು ದಾಟಿ ಆಟೊಮನ್ ಸಾಮ್ರಾಜ್ಯದಲ್ಲಿಯೂ ಓದುಗರನ್ನು ಪಡೆಯಿತು. ಇಸ್ತಾಂಬುಲಿನ ಗ್ರಂಥಾಲಯಗಳಲ್ಲಿ ಅದರ ಹಸ್ತಪ್ರತಿಗಳಿವೆ. ಗವಾನನ ಪಾರಸಿ ಶೈಲಿ ಬಹಳ ಅಲಂಕೃತವಾದದ್ದು, ಇಂದಿನ ಓದುಗನಿಗೆ ಆಯಾಸ ತರುವಂಥದ್ದು. ಶತ್ರುಗಳ ಮೇಲಿನ ವಿಜಯವನ್ನು ವರ್ಣಿಸುವಾಗ ಅವನ ಮಾತು ಕಠೋರವೂ ಆಗುತ್ತದೆ. ಪತ್ರಗಳ ಮೂಲಕ ಅವನನ್ನು ನೋಡಿದಾಗ ಸಾತ್ವಿಕ ವಿದ್ಯಾಪ್ರೇಮಿಯ ಜೊತೆಗೆ ನುರಿತ ರಾಜಕಾರಣಿಯೂ ಕಾಣುತ್ತಾನೆ.

ಸುಳ್ಳು ಪತ್ರ ಮತ್ತು ಗವಾನನ ಸಾವು

ಗವಾನ್ ಕೈಗೊಂಡ ಆಡಳಿತ ಸುಧಾರಣೆಗಳು ಅವನಿಗೆ ಶತ್ರುಗಳನ್ನು ತಂದವು. ರಾಜ್ಯದ ನಾಲ್ಕು ತರಫ್‌ಗಳನ್ನು, ಅಂದರೆ ಪ್ರಾಂತ್ಯಗಳನ್ನು, ಎಂಟಾಗಿ ಒಡೆದು ತರಫ್‌ದಾರರ ಬಲವನ್ನು ಅವನು ಅರ್ಧಕ್ಕಿಳಿಸಿದನು. ಪ್ರತಿ ತರಫ್‌ದಾರನಿಗೂ ಒಂದೇ ಕೋಟೆಯನ್ನು ಬಿಟ್ಟು ಉಳಿದ ಕೋಟೆಗಳಿಗೆ ಕೇಂದ್ರದಿಂದಲೇ ಕಿಲ್ಲೇದಾರರನ್ನು ನೇಮಿಸಿದನು. ಜಮೀನಿನ ಅಳತೆ ಮಾಡಿಸಿ, ಕೆಲವು ಭೂಭಾಗಗಳನ್ನು ನೇರವಾಗಿ ಸುಲ್ತಾನನ ಖಜಾನೆಗೆ ಸೇರಿಸಿದನು. ಹುದ್ದೆಗಳನ್ನು ಹಂಚುವಾಗ ದಖನಿ ಮತ್ತು ಆಫಾಕಿಗಳ ನಡುವೆ ಸಮತೋಲ ಕಾಪಾಡಲು ಪ್ರಯತ್ನಿಸಿದನಾದರೂ ಕೋಪ ಶಮನವಾಗಲಿಲ್ಲ. ದಖನಿ ಬಣದ ನಾಯಕ ಮಲಿಕ್ ಹಸನ್ ನಿಜಾಮುಲ್ ಮುಲ್ಕ್ ಬಹ್ರಿಯ ಸುತ್ತ ಅತೃಪ್ತರು ಸೇರಿದರು.

1481ರಲ್ಲಿ ಸುಲ್ತಾನನ ದಂಡು ಈಗಿನ ಆಂಧ್ರಪ್ರದೇಶದ ಕೊಂಡಪಲ್ಲಿಯಲ್ಲಿ ಬೀಡುಬಿಟ್ಟಿತ್ತು. ಪಿತೂರಿಗಾರರು ಗವಾನನ ಮುದ್ರೆಯನ್ನು ಕಾಯುತ್ತಿದ್ದ ಹಬ್ಷಿ ಗುಲಾಮನನ್ನು ಕುಡಿಸಿ ಒಲಿಸಿಕೊಂಡು, ಖಾಲಿ ಹಾಳೆಯೊಂದರ ಮೇಲೆ ಮುದ್ರೆ ಒತ್ತಿಸಿಕೊಂಡರು. ಬಳಿಕ ಒರಿಸ್ಸಾದ ಗಜಪತಿಯನ್ನು ದಂಡೆತ್ತಿ ಬರಲು ಆಹ್ವಾನಿಸುವ ಒಕ್ಕಣೆಯನ್ನು ಅದರ ಮೇಲೆ ಬರೆದರು. ಪತ್ರ ಸುಲ್ತಾನನ ಕೈಗೆ ಬಂದಾಗ ಅವನು ಪಾನಮತ್ತನಾಗಿದ್ದನು. ಕರೆಸಲ್ಪಟ್ಟ ಗವಾನ್ ಮುದ್ರೆ ತನ್ನದೇ ಎಂದೂ ಬರಹ ತನ್ನದಲ್ಲವೆಂದೂ ಹೇಳಿದನು. ವಿಚಾರಣೆಯಾಗಲಿಲ್ಲ. ಏಪ್ರಿಲ್ 5ರಂದು ಸುಲ್ತಾನನ ಆಜ್ಞೆಯಂತೆ ಜೌಹರ್ ಎಂಬ ಗುಲಾಮನು ಎಪ್ಪತ್ತರ ಗಡಿ ಮುಟ್ಟಿದ್ದ ಮಂತ್ರಿಯ ತಲೆ ಕಡಿದನು. ಪತ್ರಲೇಖನದ ಶಾಸ್ತ್ರವನ್ನೇ ಬರೆದವನು ತಾನು ಬರೆಯದ ಪತ್ರವೊಂದರಿಂದ ಸತ್ತನು.

ಸತ್ಯ ತಿಳಿದು ಪಶ್ಚಾತ್ತಾಪಪಟ್ಟ ಸುಲ್ತಾನನು ಮರುವರ್ಷವೇ, 1482ರಲ್ಲಿ, ತೀರಿಕೊಂಡನು. ಗವಾನನ ಆಶ್ರಯದಲ್ಲಿ ಮೇಲೆ ಬಂದಿದ್ದ ಯೂಸುಫ್ ಆದಿಲ್ ಖಾನ್ ಬಿಜಾಪುರದಲ್ಲಿ ಆದಿಲ್‌ಶಾಹಿ ಮನೆತನವನ್ನೂ, ಮಲಿಕ್ ಹಸನನ ಮಗ ಅಹ್ಮದ್ ನಿಜಾಮ್‌ಶಾಹಿ ಮನೆತನವನ್ನೂ ಸ್ಥಾಪಿಸಿದರು. ಕ್ರಮೇಣ ಬಹಮನಿ ರಾಜ್ಯ ಐದು ಹೋಳಾಯಿತು. ಬೀದರ್ ಬರೀದ್‌ಶಾಹಿಗಳ ಪಾಲಿಗೆ ಬಂದಿತು. ಗವಾನನ ಸರಳ ಸಮಾಧಿ ಬೀದರಿನ ಹೊರವಲಯದಲ್ಲಿದೆ. ಅಷ್ಟೂರಿನ ಸುಲ್ತಾನರ ಗುಮ್ಮಟಗಳಂತೆ ಅದಕ್ಕೆ ಕಟ್ಟಡದ ವೈಭವವಿಲ್ಲ.

1696ರ ಸ್ಫೋಟ

1657ರಲ್ಲಿ, ಆಗಿನ್ನೂ ರಾಜಕುಮಾರನಾಗಿದ್ದ ಔರಂಗಜೇಬನು ಬಿಜಾಪುರದವರ ಕೈಯಲ್ಲಿದ್ದ ಬೀದರ್ ಕೋಟೆಯನ್ನು ಮುತ್ತಿದನು. ಆ ಮುತ್ತಿಗೆಯಲ್ಲಿ ಮದ್ದಿನ ದಾಸ್ತಾನಿಗೆ ಬೆಂಕಿ ಬಿದ್ದು, ಕೋಟೆಯ ರಕ್ಷಕ ಸಿದ್ದಿ ಮರ್ಜಾನನು ಮಾರಣಾಂತಿಕವಾಗಿ ಸುಟ್ಟುಕೊಂಡನು. ಮುಂದೆ ಮೊಘಲರ ಕಾಲದಲ್ಲಿ ಮದರಸಾದ ಒಂದು ಭಾಗ ಕುದುರೆ ಸವಾರರ ವಸತಿಯಾಯಿತು. ಕೆಲವು ಕೋಣೆಗಳಲ್ಲಿ ಮದ್ದುಗುಂಡನ್ನು ಶೇಖರಿಸಿಡಲಾಯಿತು. 1696ರಲ್ಲಿ ಆ ಮದ್ದು ಸಿಡಿಯಿತು. ಸಿಡಿಲು ಬಡಿದು ಹೀಗಾಯಿತೆಂಬುದು ಪ್ರಚಲಿತವಾದ ವಿವರಣೆ. ದಕ್ಷಿಣದ ಮಿನಾರು, ಮಹಾದ್ವಾರ, ಪೂರ್ವದ ಮುಂಭಾಗದ ಬಹುಪಾಲು ಮತ್ತು ದಕ್ಷಿಣ ಪಾರ್ಶ್ವದ ಒಂದು ಭಾಗ ಕುಸಿದವು. ಸಿಡಿಲನ್ನು ತಡೆಯುವುದು ಯಾರ ಕೈಯಲ್ಲೂ ಇರಲಿಲ್ಲ. ಮದ್ದನ್ನು ಪಾಠಶಾಲೆಯಲ್ಲಿ ತಂದಿರಿಸಿದ್ದು ಮಾತ್ರ ಮನುಷ್ಯರ ನಿರ್ಧಾರ.

ಸಂರಕ್ಷಣೆ ಮತ್ತು ಇಂದಿನ ಸ್ಥಿತಿ

ಬೀದರ್ ಹೈದರಾಬಾದ್ ಸಂಸ್ಥಾನಕ್ಕೆ ಸೇರಿದ್ದಾಗ ಅಲ್ಲಿನ ಪುರಾತತ್ತ್ವ ಇಲಾಖೆ ಗುಲಾಮ್ ಯಜ್ದಾನಿಯವರ ನೇತೃತ್ವದಲ್ಲಿ ಕಟ್ಟಡದ ದುರಸ್ತಿಯನ್ನು ಕೈಗೊಂಡಿತು. ಯಜ್ದಾನಿಯವರು 1947ರಲ್ಲಿ ಪ್ರಕಟಿಸಿದ ಬೀದರಿನ ಇತಿಹಾಸ ಮತ್ತು ಸ್ಮಾರಕಗಳ ಕುರಿತ ಗ್ರಂಥವು ಇಂದಿಗೂ ಈ ಕಟ್ಟಡದ ಅಧ್ಯಯನಕ್ಕೆ ಮೂಲಾಧಾರ. ಗವಾನನ ಜೀವನವನ್ನು ಕುರಿತು ಎಚ್. ಕೆ. ಶೇರ್ವಾನಿಯವರ ಗ್ರಂಥ ಅದಕ್ಕೂ ಮೊದಲು, 1942ರಲ್ಲಿ, ಹೊರಬಂದಿತ್ತು. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಬೀದರ್ ಮೈಸೂರು ರಾಜ್ಯವನ್ನು ಸೇರಿತು. ಈಗ ಮದರಸಾ ಭಾರತೀಯ ಪುರಾತತ್ತ್ವ ಸರ್ವೇಕ್ಷಣ ಇಲಾಖೆಯ ಸಂರಕ್ಷಿತ ಸ್ಮಾರಕವಾಗಿದೆ. ಕಲಬುರಗಿ, ವಿಜಯಪುರ ಮತ್ತು ಹೈದರಾಬಾದಿನ ಸ್ಮಾರಕಗಳೊಂದಿಗೆ ಬೀದರಿನ ಸ್ಮಾರಕಗಳೂ 2014ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ತಾತ್ಕಾಲಿಕ ಪಟ್ಟಿಗೆ ಸೇರಿದವು.

ಪೂರ್ವದ ಕಡೆ ಕುಸಿದ ಗೋಡೆಯನ್ನು ಮತ್ತೆ ಕಟ್ಟಿಲ್ಲ. ಮಹಾದ್ವಾರವಿದ್ದ ಜಾಗ ಬಯಲಾಗಿರುವುದರಿಂದ ಅಂಗಳ, ಸಭಾಂಗಣಗಳ ಕಮಾನುಗಳು ಮತ್ತು ಮೂರು ಅಂತಸ್ತಿನ ಕೊಠಡಿಗಳ ಸಾಲು ರಸ್ತೆಯಿಂದಲೇ ಕಾಣುತ್ತವೆ. ಉತ್ತರದ ಮಿನಾರಿನ ಬಿಲ್ಲೆಗಳು ಮೇಲಿನ ಹಂತಗಳಿಗಿಂತ ಕೆಳಗಿನ ಭಾಗದಲ್ಲಿ ಹೆಚ್ಚಾಗಿ ಉಳಿದಿವೆ.